ವಸೂಲಿಗೆ ಬಂದ ಭಾವ

"ಐದೇ ಐದು ನಿಮಿಷ! ಆ ಮನುಷ್ಯ ನಮ್ಮ ಜಗಲಿ ಹತ್ತಿದ ಐದು ನಿಮಿಷದಲ್ಲಿ ಇಳಿಸಿ ಕಳಿಸುತ್ತೇನೆ, ನೋಡ್ತಾ ಇರು!"

ಹೆಂಡತಿ ಕಮಲನ ಎದುರು ನಾನು ಎದೆ ತಟ್ಟಿಕೊಂಡು ಹೀಗೆ ಘೋಷಿಸಿದ್ದು 1992ರ ನವೆಂಬರಿನ ಒಂದು ಶುಕ್ರವಾರ ಸಂಜೆ. ಆ ಮನುಷ್ಯ ಮರುದಿನವೇ ಬಂದರು. ಬಂದವರು ನಾಲ್ಕು ತಿಂಗಳು ಬಂದರು!

ವಿಷಯ ಇಷ್ಟೇ. ಮಂಜೇಶ್ವರದ ಹತ್ತಿರ ನಾವಿರುವ ಮನೆಯನ್ನು ನಾನು ಕೊಂಡುಕೊಂಡದ್ದು ಫಿಡೆಲಿಸ್ ಪೊರ್ಬುಗಳಿಂದ. ಅವರು ಮನೆ ಮಾರಿ ಮಸ್ಕತ್ತಿನ ವಿಮಾನ ಹತ್ತಿ ಮೂರು ವರ್ಷ ಕಳೆದಿತ್ತು. ಊರಿನವರ ಬಾಯಲ್ಲಿ ಮಾತ್ರ ಅದು ಈಗಲೂ 'ಪೊರ್ಬುಗಳ ಮನೆ'. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ಲೋಕನಾಥ ಮಾಷ್ಟ್ರಾದ ನಾನು, 'ಪೊರ್ಬುಗಳ ಮನೆಯ ಮಾಷ್ಟ್ರು'! ಇರಲಿ. ವಿಮಾನ ಹತ್ತುವ ಮೊದಲು ಪೊರ್ಬುಗಳು ಕಾಸರಗೋಡಿನ ಒಂದು ಚಿಟ್ ಫಂಡಿನಲ್ಲಿ ದುಡ್ಡು ಎತ್ತಿದ್ದರಂತೆ. ಎತ್ತುವಾಗ ಇದ್ದ ನೆನಪು ಕಂತು ಕಟ್ಟುವಾಗ ಇರಲಿಲ್ಲವಂತೆ. ಬಡ್ಡಿ ಸೇರಿ ಹನ್ನೊಂದು ಸಾವಿರದ ನಾನೂರು ರೂಪಾಯಿ. ಶನಿವಾರ ನಮ್ಮ ಜನ ಬರುತ್ತಾರೆ, ದುಡ್ಡು ತಯಾರಿಡಿ ಎಂದು ಕಂಪೆನಿಯ ಕಾರ್ಡು ಬಂದಿತ್ತು. ಹೆಸರು ಪೊರ್ಬುಗಳದ್ದು, ವಿಳಾಸ ನಮ್ಮದು.

"ಜೀವಮಾನದಲ್ಲಿ ಒಬ್ಬರಿಗೆ ಒಂದು ಪೈಸೆ ಬಾಕಿ ಇಟ್ಟವನಲ್ಲ ನಾನು. ನನ್ನ ಜಗಲಿಗೆ ಸಾಲ ವಸೂಲಿಯವನಾ?" ಎಂದು ನಾನು ಗುಡುಗಿದೆ.

"ಗುಡುಗುವುದೆಲ್ಲ ಎಂತಕ್ಕೆ? ಕಾಗದ ತೋರಿಸಿ, ನೀರು ಕೊಟ್ಟು ಕಳಿಸಿ. ಭಾಷಣ ಬೇಡ" ಎಂದಳು ಕಮಲ.

ಭಾಷಣ ಬೇಡವಂತೆ! ನಾನು ರಾತ್ರಿಯೇ ಮೂರು ಭಾಗಗಳ ಭಾಷಣ ತಯಾರು ಮಾಡಿಕೊಂಡಿದ್ದೆ.

ಬೆಳಿಗ್ಗೆ ಹತ್ತು ಗಂಟೆಗೆ ಗೇಟು ಕಿರ್ರೆಂದಿತು. ಮೀಸೆ ತಿರುವುವ ಒಬ್ಬ ರೌಡಿ ಬರುತ್ತಾನೆಂದು ನಾನು ಎಣಿಸಿದ್ದರೆ, ಬಂದವರು ಐವತ್ತು ದಾಟಿದ, ಬಿಳಿ ಮುಂಡು ಉಟ್ಟ, ಕಂಕುಳಲ್ಲಿ ರೆಕ್ಸಿನ್ ಚೀಲ ಒತ್ತಿಕೊಂಡ ಒಬ್ಬ ಸಪೂರ ಮನುಷ್ಯ. ಕೊಡೆಯನ್ನು ಗೋಡೆಗೆ ಒರಗಿಸಿದರು. ಜಗಲಿಯಲ್ಲಿ ಕೂತರು. ಬೆವರು ಒರೆಸಿಕೊಂಡರು. ಕಮಲ ಆಗಲೇ ಚೆಂಬು ನೀರು, ಎರಡು ತುಂಡು ಬೆಲ್ಲ ತಂದಿಟ್ಟು ನನ್ನ ಭಾಷಣದ ಮೊದಲನೇ ಭಾಗವನ್ನು ನೀರಿಗೆ ಹಾಕಿದಳು. ಬೆಲ್ಲ ತಿನ್ನುವವರ ಮುಂದೆ ಗುಡುಗುವುದು ಹೇಗೆ?

"ಫಿಡೆಲಿಸ್ ಪೊರ್ಬುಗಳು ಇದ್ದಾರಾ?"

"ಇಲ್ಲ. ಮಸ್ಕತ್ತಿನಲ್ಲಿದ್ದಾರೆ. ಮನೆ ನನ್ನದು. ನಾನು ಲೋಕನಾಥ."

"ನನ್ನ ಹೆಸರು ಭುಜಂಗ" ಎಂದು ಅವರು ಕೈ ಮುಗಿದರು. "ತಪ್ಪು ತಿಳಿಯಬೇಡಿ ಮಾರಾಯ್ರೆ. ಹೋದಲ್ಲೆಲ್ಲ ಜನ ಹೀಗೆಯೇ ಹೇಳುವುದು. ಕಳೆದ ವಾರ ಕುಂಬಳೆಯಲ್ಲಿ ಒಬ್ಬರು, ತಾನು ಸತ್ತು ಎರಡು ವರ್ಷ ಆಯಿತು ಅಂತ ಅವರೇ ಹೇಳಿದರು."

"ನಾನು ಸತ್ತವನಲ್ಲ! ಫಿಡೆಲಿಸ್ ಅಲ್ಲದವನು!"

"ಅದಕ್ಕೊಂದು ಕಾಗದ ಇದ್ದರೆ ಆಯಿತು. ಕಂಪೆನಿಗೆ ಕಾಗದ ಬೇಕು, ಬಾಯಿ ಮಾತು ಬೇಡ. ಕರೆಂಟು ಬಿಲ್ಲಾದರೂ ಸಾಕು."

ಇಷ್ಟೇನಾ! ಒಳಗೆ ನುಗ್ಗಿ ಕರೆಂಟು ಬಿಲ್ಲು ಹಿಡಿದು ಬಂದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಫಿಡೆಲಿಸ್. ಹೆಸರು ಬದಲಾಯಿಸಲು ಅರ್ಜಿ ಕೊಡಿ ಎಂದು ಕಮಲ ಮೂರು ವರ್ಷದಿಂದ ಹೇಳುತ್ತಿದ್ದಳು. ಮನೆ ತೆರಿಗೆಯ ರಶೀದಿ ತಂದೆ. ಫಿಡೆಲಿಸ್! ರೇಷನ್ ಕಾರ್ಡಿನಲ್ಲಿ ನನ್ನ ಹೆಸರೇನೋ ಇತ್ತು, ಆದರೆ ಸರಕಾರದ ಲೆಕ್ಕದಲ್ಲಿ ನಾನಿನ್ನೂ ದೇಲಂಪಾಡಿಯ ನನ್ನ ತಂದೆಯ ಮನೆಯಲ್ಲೇ ಅಕ್ಕಿ ತಿನ್ನುತ್ತಿದ್ದೆ.

"ಮನೆಯ ಆಧಾರ, ಕ್ರಯಪತ್ರ?" ಎಂದು ಕೇಳಿದರು ಭುಜಂಗ.

"ಅದು ಸೊಸೈಟಿಯಲ್ಲಿ ಉಂಟು. ಲೋನಿಗೆ ಇಟ್ಟದ್ದು."

"ಯಾರಿಗೂ ಒಂದು ಪೈಸೆ ಬಾಕಿ ಇಲ್ಲ ಅಂದಿರಲ್ಲ?" ಒಳಗಿನಿಂದ ಕಮಲನ ದನಿ.

"ಅದು ಬಾಕಿ ಅಲ್ಲ, ಲೋನು!" ಎಂದೆ. ನನ್ನ ಕಿವಿಗೇ ಅದು ಸರಿ ಅನಿಸಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಉಗ್ಗಪ್ಪ ಕಾಣಿಸಿದರು. ಬಸ್ ಸ್ಟಾಪಿನ ಎದುರು ಅವರದ್ದೊಂದು ಜೀನಸಿನ ಅಂಗಡಿ. ಬೆಲ್ಲ, ಬೀಡಿ, ಸೀಮೆ ಎಣ್ಣೆಯ ಜೊತೆಗೆ ಊರಿನ ಸುದ್ದಿಯೂ ಅಲ್ಲಿ ಸಿಗುತ್ತದೆ, ಸುದ್ದಿಗೆ ದುಡ್ಡಿಲ್ಲ. ಲೋಕನಾಥ ಮಾಷ್ಟ್ರ ಜಗಲಿಯಲ್ಲಿ ಸಾಲ ವಸೂಲಿಯವರು ಕೂತಿದ್ದಾರೆ ಎಂಬ ಸುದ್ದಿ ಆ ಅಂಗಡಿಗೆ ಮುಟ್ಟಿದರೆ ನನ್ನ ಗತಿ? ಸೋಮವಾರ ಶಾಲೆಯಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

"ಎಂತ ಮಾಷ್ಟ್ರೆ, ಯಾರೋ ಬಂದ ಹಾಗೆ ಉಂಟು?"

"ನೆಂಟರು!" ಎಂದೆ. ಬಾಯಿ ನನಗಿಂತ ಮೊದಲೇ ಓಡಿತ್ತು. "ಕಮಲನ ಅಣ್ಣ! ದೊಡ್ಡಮ್ಮನ ಮಗ. ಭುಜಂಗ ಭಾವ!"

ಉಗ್ಗಪ್ಪ ನನ್ನನ್ನು ನೋಡಿದರು. ಭುಜಂಗರನ್ನು ನೋಡಿದರು. ಏನೋ ಹೇಳಲು ತೆರೆದ ಬಾಯಿ ಮುಚ್ಚಿ, "ಹಾಗಾ? ಒಳ್ಳೆಯದಾಯಿತು. ಹಾಗಾದರೆ ಕಮಲಕ್ಕನ ಬರಿಯವರೇ" ಎಂದು ತಲೆಯಾಡಿಸಿದರು. ತಾಯಿಯ ಕಡೆಯಿಂದ ಬರಿ, ಅಂದರೆ ಗೋತ್ರ, ಎಣಿಸುವ ನಮ್ಮಲ್ಲಿ ದೊಡ್ಡಮ್ಮನ ಮಗ ಎಂದರೆ ಸ್ವಂತ ಅಣ್ಣನೇ, ಕಡಿಮೆ ಏನಲ್ಲ. ದೂರದ ಸಂಬಂಧ ಯಾವುದಾದರೂ ಹೇಳಬಹುದಿತ್ತು. ಹೆದರಿದವನಿಗೆ ಅಷ್ಟು ಹುಡುಕುವ ಪುರುಸೊತ್ತು ಎಲ್ಲಿ?

ಭುಜಂಗರು ಚೆಂಬು ಎತ್ತಿ ಉಳಿದ ನೀರು ಕುಡಿದರು. ಆಮೇಲೆ ಉಗ್ಗಪ್ಪನತ್ತ ತಿರುಗಿ, "ಹೌದು. ಭಾವನನ್ನು ನೋಡದೆ ಸುಮಾರು ದಿವಸ ಆಗಿತ್ತು" ಎಂದರು!

ಉಗ್ಗಪ್ಪ ಅತ್ತ ಹೋದದ್ದೇ ತಡ, ಕಮಲ ಹೊರಗೆ ಬಂದಳು. "ನನಗೆ ದೊಡ್ಡಮ್ಮನೇ ಇಲ್ಲ! ಸುಳ್ಳು ಹೇಳುವುದಾದರೆ ನಿಮ್ಮ ಕಡೆಯ ನೆಂಟರು ಅನ್ನಬಹುದಿತ್ತಲ್ಲ?"

"ನನ್ನ ಕಡೆಯವರೆಲ್ಲ ಉಗ್ಗಪ್ಪನಿಗೆ ಗೊತ್ತುಂಟು."

ಭುಜಂಗರು ನಕ್ಕುಬಿಟ್ಟರು. "ಅಮ್ಮ, ಬಿಡಿ. ಮರ್ಯಾದೆ ಅಂದರೆ ಹಾಗೆಯೇ. ಇವರು ಪೊರ್ಬುಗಳಲ್ಲ ಅಂತ ನನಗೂ ಗೊತ್ತಾಯಿತು. ಆದರೆ ನನ್ನ ಕೆಲಸ ಹೇಗೆ ಅಂದರೆ, ಕಾಗದ ಸಿಗುವ ತನಕ ವಾರಕ್ಕೊಮ್ಮೆ ಬರಬೇಕು, ಬಂದೆ ಅಂತ ಪುಸ್ತಕದಲ್ಲಿ ಬರೆಯಬೇಕು. ವಿಲೇಜ್ ಆಫೀಸಿನಿಂದ ಒಂದು ಕೈವಶ ಸರ್ಟಿಫಿಕೇಟು ಮಾಡಿಸಿ. ಮನೆ ನಿಮ್ಮ ಕೈಯಲ್ಲಿ ಉಂಟು ಅಂತ ಅದರಲ್ಲಿ ಇರುತ್ತದೆ. ಅಲ್ಲಿಯ ತನಕ ನಾನು ಬರುತ್ತೇನೆ, ಹೋಗುತ್ತೇನೆ. ಗಲಾಟೆ ಇಲ್ಲ."

ಗಲಾಟೆ ಇಲ್ಲವೆಂದರೆ ಇಲ್ಲವೇ ಇಲ್ಲ. ಭುಜಂಗರು ವಸೂಲಿ ಮಾಡುವ ಕ್ರಮವೇ ಅದು. ಬೈಯುವವರಲ್ಲ, ಹೆದರಿಸುವವರಲ್ಲ. ಸುಮ್ಮನೆ ಕೂರುವುದು! ದಾರಿಯಲ್ಲಿ ಹೋಗುವವರಿಗೆಲ್ಲ ನಮಸ್ಕಾರ ಹೇಳುವುದು! ಸಾಲಗಾರನೇ ನಾಚಿ ಮೂರನೆಯ ವಾರ ದುಡ್ಡು ತಂದಿಡುತ್ತಾನಂತೆ. ನಮ್ಮಲ್ಲಿ ಮಾತ್ರ ನಾಚಲು ಸಾಲವೇ ಇಲ್ಲ, ಹಾಗಾಗಿ ಕೂತವರು ನೆಂಟರೇ ಆಗಿಬಿಟ್ಟರು.

ಎರಡನೇ ಶನಿವಾರ ಅವರು ಮೊಗ್ರಾಲಿನ ತಮ್ಮ ಮನೆಯಿಂದ ಒಂದು ಸೇರು ಮರುವಾಯಿ ತಂದರು, ಹೊಳೆಯಿಂದ ಆಗಷ್ಟೇ ತೆಗೆದ ಚಿಪ್ಪುಮೀನು. "ತಂಗಿಯ ಮನೆಗೆ ಬರಿಗೈಯಲ್ಲಿ ಬಂದರೆ ನೋಡಿದವರು ಎಂತ ಹೇಳಿಯಾರು?" ಎಂದು ನಕ್ಕರು. ಕಮಲ ಬಸಳೆ ಹಾಕಿ ಮರುವಾಯಿಯ ಪದಾರ್ಥ ಮಾಡಿ ಊಟ ಬಡಿಸಿದಳು. ನಾಟಕ ಎಂದ ಮೇಲೆ ಸರಿಯಾಗಿ ಆಗಬೇಕಲ್ಲ! ಮೂರನೇ ಶನಿವಾರ ಬಾವಿಯ ರಾಟೆ ಸರಿ ಮಾಡಿದರು. ನಾಲ್ಕನೇ ಶನಿವಾರಕ್ಕೆ ಕಮಲ 'ಅವರು' ಎನ್ನುವುದನ್ನು ಬಿಟ್ಟು 'ಅಣ್ಣ' ಎನ್ನತೊಡಗಿದಳು, ಜಗಲಿಯಲ್ಲಿ ಯಾರೂ ಇಲ್ಲದಾಗಲೂ.

ಊರು ಸುಮ್ಮನಿರುತ್ತದೆಯೇ? ಉಗ್ಗಪ್ಪನ ಮಗಳಿಗೆ ಒಂದು ಸಂಬಂಧ ನೋಡಿದ್ದರು. ಗಂಡಿನ ಕಡೆಯವರು ಎರಡು ತಿಂಗಳಿಂದ ಹೌದೂ ಇಲ್ಲ, ಅಲ್ಲವೂ ಇಲ್ಲ. ಉಗ್ಗಪ್ಪ ನೇರ ನಮ್ಮ ಮನೆಗೆ ಬಂದು, "ಮಾಷ್ಟ್ರೆ, ನಿಮ್ಮ ಭಾವನನ್ನು ಒಂದು ದಿವಸಕ್ಕೆ ಕೊಡಿ" ಎಂದರು, ಏಣಿ ಕೇಳಿದಂತೆ. ಭುಜಂಗರು ಹೋದರು. ಗಂಡಿನ ಮನೆಯ ಜಗಲಿಯಲ್ಲಿ ಕೂತರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ಬರಿದೇ ಕೂತು, ದಾರಿಹೋಕರಿಗೆ ನಮಸ್ಕಾರ ಹೇಳಿದರಂತೆ. ಮೂರೂಕಾಲಿಗೆ ಗಂಡಿನ ಅಪ್ಪ ಬೆವರೊರೆಸುತ್ತಾ ಹೊರಗೆ ಬಂದು ಒಪ್ಪಿಗೆ ಕೊಟ್ಟ! ನಿಶ್ಚಯದ ದಿನ ಭುಜಂಗರಿಗೆ ಹಿರಿಯರ ಸಾಲಿನಲ್ಲಿ ಚಾಪೆ. ಮಾಷ್ಟ್ರಾದ ನನಗೆ ಹಿಂದಿನ ಬೆಂಚು.

ಸರ್ಟಿಫಿಕೇಟು ಏನಾಯಿತು ಎಂದು ನೀವು ಕೇಳಬಹುದು. ಮೊದಲ ಸಲ ನಾನು ನಾಲ್ಕು ಪುಟದ ಅರ್ಜಿ ಬರೆದುಕೊಂಡು ಹೋದೆ. ಅಲ್ಲಿಯ ಗುಮಾಸ್ತರು ಪಾಪ ಮೊದಲ ಪ್ಯಾರಾ ಓದಿ, "ಪ್ರಬಂಧ ಬೇಡ ಸಾರ್, ಈ ಫಾರಂ ತುಂಬಿಸಿ, ಆಧಾರದ ನಕಲು ತನ್ನಿ" ಎಂದರು. ನಕಲಿಗೆ ಸೊಸೈಟಿಗೆ ಹೋಗಬೇಕು. ಹೋಗಬೇಕು ಎಂದು ಡಿಸೆಂಬರ್ ಕಳೆಯಿತು. ಜನವರಿಯೂ ಕಳೆಯಿತು. ನಿಜ ಹೇಳುತ್ತೇನೆ, ತಡ ಮಾಡಿದ್ದು ನಾನೇ. ಸರ್ಟಿಫಿಕೇಟು ಬಂದರೆ ಶನಿವಾರಗಳು ನಿಲ್ಲುತ್ತವೆ. ಶುಕ್ರವಾರ ಸಂಜೆಯೇ ಬಸಳೆ ಕೊಯ್ದು ಇಡುವ ಕಮಲನ ಮುಖ ನೋಡಿದಾಗ ಸೊಸೈಟಿಯ ದಾರಿ ಬಹಳ ದೂರ ಅನಿಸುತ್ತಿತ್ತು. ಇದೊಂದು ಒಳ್ಳೆಯ ಕೆಲಸವೆಂದೇ ನಾನು ತಿಳಿದಿದ್ದೆ. ಆ ಮನುಷ್ಯನಿಗೆ ಕೆಲಸವೊಂದು ಉಂಟು, ಆ ಕೆಲಸಕ್ಕೆ ಲೆಕ್ಕ ಕೇಳುವವರು ಉಂಟು ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಅಂತೂ ಮಾರ್ಚಿನಲ್ಲಿ ಸರ್ಟಿಫಿಕೇಟು ಬಂತು. ಭುಜಂಗರು ಅದನ್ನು ಕಂಪೆನಿಗೆ ಮುಟ್ಟಿಸಿದರು. ಮುಂದಿನ ಶನಿವಾರ ಅವರು ನಮ್ಮ ಜಗಲಿಯಲ್ಲಿ ಕೂತಿದ್ದಾಗ ಕಂಪೆನಿಯ ಜೀಪು ಬಂದು ನಿಂತಿತು. ಇಳಿದವರು ಮ್ಯಾನೇಜರು. ಲೆಸ್ಲಿ ಎಂದು ಹೆಸರು, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಫೈಲು. ಜೀಪು ಕಂಡ ಉಗ್ಗಪ್ಪ ಅಂಗಡಿ ಬಿಟ್ಟು ಬಂದಾಗಿತ್ತು. ಕಮಲ ಊಟಕ್ಕೆ ಬಾಳೆ ಎಲೆ ತರಲು ಹಿತ್ತಿಲಿಗೆ ಹೋಗಿದ್ದಳು.

ಲೆಸ್ಲಿಯವರು ಫೈಲು ತೆರೆದು ಮನೆ ನೋಡಿದರು, ನನ್ನನ್ನು ನೋಡಿದರು. "ಎಲ್ಲ ಸರಿ ಉಂಟು ಸಾರ್. ಈ ಬಾಕಿಗೂ ನಿಮಗೂ ಸಂಬಂಧ ಇಲ್ಲ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು" ಎಂದರು.

ಆಹಾ! ಜಯಭೇರಿ! ನಾನು ಹಳೆಯ ಭಾಷಣದ ಮೂರನೇ ಭಾಗವನ್ನು ನೆನಪು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಲೆಸ್ಲಿಯವರ ಕಣ್ಣು ಭುಜಂಗರ ಮೇಲೆ ಬಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹೆಗಲಿಗೆ ಮೈ ಒರೆಸುವ ನಮ್ಮ ಮನೆಯ ಬೈರಾಸು ಹಾಕಿಕೊಂಡು, ಊಟಕ್ಕೆ ಕೈಕಾಲು ತೊಳೆದು ನಿಂತಿದ್ದರು.

"ಭುಜಂಗ, ನೀವು ಇಲ್ಲಿ ಹೀಗಾ ವಸೂಲಿ ಮಾಡುವುದು?"

"ಅವರು ಮಾಷ್ಟ್ರ ಭಾವ ಅಲ್ವಾ!" ಎಂದರು ಉಗ್ಗಪ್ಪ. "ಕಮಲಕ್ಕನ ಅಣ್ಣ. ವಾರ ವಾರ ಊಟಕ್ಕೆ ಬರುತ್ತಾರೆ."

ಲೆಸ್ಲಿಯವರ ಮುಖ ಬಿಗಿಯಿತು. "ನಮ್ಮ ಜನ ತಮ್ಮ ನೆಂಟರ ಫೈಲು ನೋಡಬಾರದು ಅಂತ ಕಂಪೆನಿಯ ರೂಲು. ನಾಲ್ಕು ತಿಂಗಳಿಂದ 'ಹೋದೆ, ಕಾಗದ ಸಿಗಲಿಲ್ಲ' ಅಂತ ಬರೆದದ್ದು ಇದಕ್ಕಾ?" ನನ್ನತ್ತ ತಿರುಗಿದರು. "ಹೌದಾ ಸಾರ್? ಇವರು ನಿಮ್ಮ ನೆಂಟರಾ?"

ಭುಜಂಗರು ನನ್ನನ್ನೇ ನೋಡುತ್ತಿದ್ದರು. ಅಲ್ಲ ಎಂಬ ಒಂದೇ ಒಂದು ಮಾತು! ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿಗೆ ಎಷ್ಟು ಹೊತ್ತಿನ ಕೆಲಸ? ಆದರೆ ಪಕ್ಕದಲ್ಲಿ ಉಗ್ಗಪ್ಪ ನಿಂತಿದ್ದರು. ಅಲ್ಲ ಎಂದರೆ, ನಾಲ್ಕು ತಿಂಗಳು ಮಾಷ್ಟ್ರು ಊರಿಗೆಲ್ಲ ಸುಳ್ಳು ಹೇಳಿದ್ದಾರೆ ಎಂದು ಇಡೀ ಪೇಟೆಗೆ ಸಂಜೆಯೊಳಗೆ ಗೊತ್ತಾಗುತ್ತದೆ.

"ಹೌದು... ದೂರದ..." ಎಂದೆ.

"ದೂರದ್ದೆಂತ? ಸ್ವಂತ ದೊಡ್ಡಮ್ಮನ ಮಗ!" ಎಂದರು ಉಗ್ಗಪ್ಪ.

ಭುಜಂಗರು ಗೂಟದ ಅಂಗಿ ತೆಗೆದು ಹಾಕಿಕೊಂಡರು. ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಜಗಲಿಯಲ್ಲಿಟ್ಟರು. ರೆಕ್ಸಿನ್ ಚೀಲವನ್ನು ಲೆಸ್ಲಿಯವರ ಕೈಗೆ ಕೊಟ್ಟು, ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದರು.

"ಅಣ್ಣ ಎಲ್ಲಿ?" ಹಿತ್ತಿಲಿನಿಂದ ಮೂರು ಎಲೆ ಹಿಡಿದು ಬಂದ ಕಮಲ ಕೇಳಿದಳು.

ನಾನು ಹೇಳಿದೆ. ಅವಳು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ನನಗೆ ಅಣ್ಣ ಇರಲಿಲ್ಲ. ಇಲ್ಲದ್ದು ಅಭ್ಯಾಸವೂ ಆಗಿತ್ತು. ಕೇಳದೆ ಒಬ್ಬರನ್ನು ತಂದುಕೊಟ್ಟದ್ದು ನೀವು. ತೆಗೆದದ್ದೂ ನೀವು" ಎಂದು ಮೂರನೆಯ ಎಲೆಯನ್ನು ದನಕ್ಕೆ ಹಾಕಿದಳು. ಆ ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಮೂರು ಶನಿವಾರ ಯಾರೂ ಬರಲಿಲ್ಲ. ಮೂರೂ ಶನಿವಾರ ನಾನು ಗೇಟು ನೋಡುತ್ತಾ ಜಗಲಿಯಲ್ಲಿ ಕೂತೆ. ನಾಲ್ಕನೆಯ ವಾರ ರಜೆ ಹಾಕಿ ಮೊದಲು ಮೊಗ್ರಾಲಿಗೆ ಹೋದೆ. ಭುಜಂಗರ ಹೆಂಡತಿ ಬಾಗಿಲಲ್ಲಿ ನಿಂತು, "ಅವರು ಕೆಲಸ ಹುಡುಕಿಕೊಂಡು ಮಂಗಳೂರಿಗೆ ಹೋದರು. ನೀವು ಯಾರು?" ಎಂದು ಕೇಳಿದರು. ಯಾರೆಂದು ಹೇಳುವುದು? ಮಾಷ್ಟ್ರು ಬಂದಿದ್ದರು ಎನ್ನಿ ಎಂದು ಬಂದುಬಿಟ್ಟೆ. ಅಲ್ಲಿಂದ ಕಾಸರಗೋಡಿಗೆ ಹೋಗಿ ಲೆಸ್ಲಿಯವರ ಮೇಜಿನ ಮುಂದೆ ನಿಂತು ಎಲ್ಲ ಒದರಿದೆ. ಅವರು ನನ್ನ ನೆಂಟರಲ್ಲ, ಅವರು ಬರೆದದ್ದೆಲ್ಲ ಸತ್ಯ, ತಡ ಮಾಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು.

ಲೆಸ್ಲಿಯವರು ಕೈಯಲ್ಲಿದ್ದ ಫೈಲು ಮುಚ್ಚಿದರು. "ಅಂದು ನಾನು ಕೇಳಿದೆನಲ್ಲ ಸಾರ್? ಆ ಕೆಲಸಕ್ಕೆ ಈಗ ಬೇರೆ ಜನ ಬಂದಾಗಿದೆ. ಬರೆದು ಕೊಡಿ, ಅವರ ಹೆಸರಿನ ಮೇಲಿನ ಕಪ್ಪಾದರೂ ಹೋಗಲಿ, ಇನ್ನೊಂದು ಕಡೆ ಕೆಲಸ ಸಿಕ್ಕೀತು. ಆದರೆ ಅಂದು ಸಾಕ್ಷಿ ಹೇಳಿದ ಅಂಗಡಿಯವರೂ ಅದರಲ್ಲಿ ಸಹಿ ಹಾಕಬೇಕು."

ಅಂದರೆ ಉಗ್ಗಪ್ಪ! ಯಾರಿಗೆ ಹೆದರಿ ನಾನು ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ್ದೆನೋ ಅದೇ ಉಗ್ಗಪ್ಪ!

ಎಲ್ಲ ಬರೆದ ಕಾಗದ ಹಿಡಿದು ಸಂಜೆ ಅಂಗಡಿಗೆ ಹೋದೆ. ನಾಲ್ಕೈದು ಜನ ಇದ್ದರು. ಅವರು ಹೋಗಲಿ ಎಂದು ಕಾದೆ. ಕಾದಷ್ಟೂ ಜನ ಹೆಚ್ಚಾದರು. ಕಡೆಗೆ ಕಣ್ಣುಮುಚ್ಚಿ ಎಲ್ಲರ ಎದುರೇ ಹೇಳಿದೆ. "ಉಗ್ಗಪ್ಪಣ್ಣ, ಭುಜಂಗರು ನನ್ನ ಭಾವ ಅಲ್ಲ. ಕಮಲನಿಗೆ ದೊಡ್ಡಮ್ಮನೇ ಇಲ್ಲ. ಅವರು ಪೊರ್ಬುಗಳ ಬಾಕಿ ಕೇಳಲು ಬಂದವರು. ನಾನು ನಿಮಗೆಲ್ಲ ಸುಳ್ಳು ಹೇಳಿದೆ."

ಯಾರೂ ನಗಲಿಲ್ಲ. ಯಾರಿಗೂ ಆಶ್ಚರ್ಯವೂ ಆಗಲಿಲ್ಲ. ಉಗ್ಗಪ್ಪ ಬೆಲ್ಲ ತೂಗಿ ಮುಗಿಸಿ, ಕೈ ಒರೆಸಿಕೊಂಡು, ನನ್ನ ಕಾಗದ ತೆಗೆದು ಓದದೆಯೇ ಸಹಿ ಹಾಕಿದರು.

"ಓದಿ ನೋಡಿ" ಎಂದೆ.

"ಎಂತ ಓದುವುದು ಮಾಷ್ಟ್ರೆ? ಮೊದಲ ದಿವಸ ಬಸ್ಸು ಇಳಿದು ಅವರು ದಾರಿ ಕೇಳಿದ್ದು ನನ್ನ ಹತ್ತಿರವೇ. ಚಿಟ್ಟಿನ ಬಾಕಿಗೆ ಬಂದದ್ದು ಅಂತ ಹೇಳಿಯೇ ಕೇಳಿದ್ದು. ನೀವು ಪೊರ್ಬುಗಳಲ್ಲ ಅಂತ ಸಾಕ್ಷಿ ಹೇಳಲಿಕ್ಕೆಂದೇ ನಾನು ಅಂಗಡಿ ಬಿಟ್ಟು ಹಿಂದಿನಿಂದ ಬಂದದ್ದು. ನೀವು ಭಾವ ಅಂದಿರಿ. ಆಯಿತು, ನಾವೂ ಭಾವ ಅಂದೆವು. ವಸೂಲಿಯವರು ಅಂತ ಗೊತ್ತಿದ್ದೇ ಅಲ್ವಾ ನಾನು ಅವರನ್ನು ಗಂಡಿನ ಮನೆಗೆ ಕರೆದುಕೊಂಡು ಹೋದದ್ದು?"

ನಾನು ಕಾಗದಕ್ಕೆ ಕೈ ಚಾಚಿದೆ. "ಮತ್ತೆ ಆ ದಿನ, ಮ್ಯಾನೇಜರ ಎದುರು..."

"ಅವರ ಎದುರು ನಿಮ್ಮ ಮಾತು ಬಿದ್ದುಹೋಗಬಾರದು ಅಂತ ಹೇಳಿದ್ದು. ಅದರಿಂದ ಅವರ ಕೆಲಸ ಹೋಗುತ್ತದೆ ಅಂತ ನನಗೆಂತ ಗೊತ್ತು?" ಉಗ್ಗಪ್ಪ ಕಾಗದವನ್ನು ನನ್ನ ಕಿಸೆಗೆ ಅವರೇ ಮಡಚಿ ಇಟ್ಟರು. "ನಿಮ್ಮ ಮರ್ಯಾದೆ ಉಳಿಯಲಿ ಅಂತ ಇಡೀ ಊರು ನಾಲ್ಕು ತಿಂಗಳು ಸುಳ್ಳು ಹೇಳಿತು ಮಾಷ್ಟ್ರೆ. ನೀವೊಬ್ಬರು ಒಂದು ದಿವಸ ನಿಜ ಹೇಳಬಾರದಿತ್ತಾ?"